ಹಗೇವಿನ ಬಾಯಿ ತೆರೆದ ಭಾನುವಾರ

ಕ್ಯಾಲನೂರು
೧೮-೬-೨೦೨೫, ಬುಧವಾರ

ಅಕ್ಕ ವೆಂಕಟರತ್ನಮ್ಮನಿಗೆ ತಮ್ಮ ಕದಿರಪ್ಪನ ನಮಸ್ಕಾರ.

ಮೊದಲ ಮಾತು: ನಿನ್ನ ಮಗ ಗೋಪಿ ಚೆನ್ನಾಗಿದ್ದಾನೆ. ಈ ಸಾಲನ್ನು ಎರಡು ಸಲ ಓದಿಕೊಂಡು ಆಮೇಲೆ ಕೆಳಕ್ಕೆ ಇಳಿ.

ಓದಿದೆಯಾ? ಸರಿ. ಹೋದ ವಾರ ಫೋನಿನಲ್ಲಿ "ಗೋಪಿಗೆ ಒಂಚೂರು ಜ್ವರ, ಬಸ್ಸಿಗೆ ಬೇರೆ ಡ್ರೈವರ್ ಹಾಕಿದ್ದೀನಿ" ಎಂದೆನಲ್ಲ, ಅದು ಸುಳ್ಳು. ನಿಜ ಹೇಳಲು ಹತ್ತು ದಿನ ತಡಮಾಡಿದ್ದಕ್ಕೆ ಬೈಯುವುದಾದರೆ ಬೈ, ಆದರೆ ಅರ್ಧ ತಪ್ಪು ನಿನ್ನದೇ. ನಿನ್ನ ಫೋನು ಸದಾ ಸ್ಪೀಕರಿನಲ್ಲಿರುತ್ತದೆ. ನಾನು ಇಲ್ಲಿ ಕೆಮ್ಮಿದರೆ ಶ್ರೀನಿವಾಸಪುರದಲ್ಲಿ ನಿಮ್ಮ ಬೀದಿಯವರೆಲ್ಲ ಕಷಾಯ ಹೇಳಿಕೊಡುತ್ತಾರೆ. ಕಾಗದವಾದರೆ ನೀನೊಬ್ಬಳೇ ಓದುತ್ತೀಯ, ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ.

ಎಲ್ಲಕ್ಕೂ ಮೂಲ ಅಮ್ಮ. ಹೋದ ತಿಂಗಳು ಟೀವಿಯಲ್ಲಿ ಯುದ್ಧ ಶುರುವಾಯಿತಲ್ಲ, ಆವತ್ತಿನಿಂದ ಅವಳು ರಾಗಿ ಬಚ್ಚಿಡಲು ಶುರು ಮಾಡಿದಳು. ಮಂಚದ ಕೆಳಗೆ ಎರಡು ಮೂಟೆ, ಇರಲಿ. ದೇವರ ಗೂಡಿನ ಹಿಂದೆ ಒಂದು ಡಬ್ಬ, ಅದೂ ಇರಲಿ. ವಾಷಿಂಗ್ ಮೆಷಿನ್ನಿನೊಳಗೆ ಆರು ಸೇರು ಸುರಿದಿದ್ದಾಳೆ! ನಮ್ಮನೆಯವಳು ಶಾಮಲಮ್ಮ ನೋಡದೆ ಬಟ್ಟೆ ಹಾಕಿ ನೀರು ಬಿಟ್ಟಳು. ನನ್ನ ಅಂಗಿಗಳ ಜೇಬಿನಲ್ಲಿ ಇವತ್ತಿಗೂ ರಾಗಿ ಸಿಗುತ್ತದೆ.

"ಯಾಕಮ್ಮ ಹಿಂಗೆಲ್ಲ ಮಾಡ್ತೀಯ?" ಎಂದು ಕೇಳಿದೆ.

"ಯುದ್ಧ ಬಂದ್ರೆ ಮೊದ್ಲು ರಾಗಿಗೇ ಬರ್ತಾರೆ ಕಣೋ."

"ಯಾರು ಬರ್ತಾರೆ?"

"ಲೆವಿಯೋರು."

ಲೆವಿ! ಅವಳಿಗೆ ಏಳು ವರ್ಷವಾಗಿದ್ದಾಗ, ಆ ದೊಡ್ಡ ಯುದ್ಧದಲ್ಲಿ, ಸರ್ಕಾರದವರು ಕಣಕ್ಕೇ ಬಂದು ನಿಂತು ರಾಗಿ ಅಳೆಸಿಕೊಂಡು ಹೋಗುತ್ತಿದ್ದರಂತೆ. ಯಾವನೋ ಎಲ್ಲೋ ಬಾಂಬು ಹಾಕಿದರೆ ಇಲ್ಲಿ ಅಮ್ಮನ ಅಪ್ಪ, ನಮ್ಮ ತಾತನ ಕಣಜ ಬರಿದು. ನಿನಗೂ ಈ ಕಥೆ ಗೊತ್ತು, ಉಣ್ಣುವಾಗೆಲ್ಲ ಕೇಳಿ ಬೆಳೆದವರು ನಾವು. ತಟ್ಟೆಯಲ್ಲಿ ಮುದ್ದೆ ಮಿಗಿಸಿದರೆ ಬೆನ್ನಿಗೆ ಬೀಳುತ್ತಿದ್ದುದು ಅದೇ ಲೆವಿಯ ಲೆಕ್ಕದಲ್ಲಿ.

ನಾನು ಮಹಾ ಬುದ್ಧಿವಂತ, ತಿಳಿಹೇಳಲು ಕೂತೆ. ಅಮ್ಮ, ಕಾಲ ಬದಲಾಗಿದೆ, ಈಗ ಸರ್ಕಾರವೇ ರೇಷನ್ ಅಂಗಡಿಯಲ್ಲಿ ರಾಗಿ ಕೊಡುತ್ತದೆ ಎಂದೆ. "ಆ ಅಂಗ್ಡಿ ಬಂದಿದ್ದೇ ಆ ಯುದ್ಧದಲ್ಲಿ, ಯುದ್ಧ ಹೋಯ್ತು, ಅಂಗ್ಡಿ ಉಳೀತು" ಎಂದಳು. ಈಗಿನ ಯುದ್ಧ ಕ್ಯಾಲನೂರಿನವರೆಗೆ ಬರುವುದಿಲ್ಲ ಎಂದೆ. ಹೇಳಿ ಮೂರು ದಿನವಾಗಿಲ್ಲ, ಯುದ್ಧಕ್ಕೆ ಹೆದರಿ ಎಲ್ಲೋ ಸಮುದ್ರದಲ್ಲಿ ಹಡಗು ಸುತ್ತಿಕೊಂಡು ಬರುತ್ತಿದೆ, ಸಾಮಾನು ಬಂದಿಲ್ಲ ಎಂದು ಕಾರ್ಖಾನೆಯವರು ಎರಡನೇ ಶಿಫ್ಟ್ ನಿಲ್ಲಿಸಿದರು. ಕೆಲಸದ ಎಂಬತ್ತನಾಲ್ಕು ಹೆಣ್ಣುಮಕ್ಕಳು ಮನೆಯಲ್ಲಿ, ಅವರನ್ನು ಕರೆದೊಯ್ಯುವ ನನ್ನ ಎರಡು ಬಸ್ಸು ಹುಣಸೆಮರದ ಕೆಳಗೆ. ಅಮ್ಮ ಬಂದು ಬಸ್ಸಿನ ಚಕ್ರವನ್ನು ಕೋಲಿನಲ್ಲಿ ತಟ್ಟಿ, "ಮತ್ತೆ ನಿನ್ತಾವ್ಕೂ ಬಂತಲ್ಲಪ್ಪ?" ಎಂದಳು. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಹೊತ್ತು ನಾಲ್ಕು ಬಸ್ಸು ಮಾಡಿದವನು ನಾನು, ಮಾತಿನಲ್ಲಿ ಯಾರಿಗೂ ಸೋತವನಲ್ಲ. ಆವತ್ತು ಬೀಡಿ ಹಚ್ಚಿಕೊಂಡು ಬಸ್ಸಿನ ಹಿಂದಕ್ಕೆ ಹೋದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಾರ್ಖಾನೆಯ ರಸ್ತೆ ಅಗಲ ಮಾಡಲು ಬಂದರು. ಅದು ಹಾದುಹೋಗುವುದು ನಮ್ಮ ಹಳೇ ಕಣದ ಮೇಲೆ, ಸರಿಯಾಗಿ ತಾತನ ಹಗೇವಿನ ಮೇಲೆ. ರಸ್ತೆ ಮಾಡಿಸುವ ಇಂಜಿನಿಯರ್ ಮುರಳಿಮೋಹನ್ ಅಂತ, ಮಂಡ್ಯದ ಕಡೆಯವನು. "ಈ ಭಾಗದ ಹಗೇವು ಹೆಂಗಿರುತ್ತೆ ಸಾರ್?" ಎಂದು ಕೇಳಿದ. ನೆಲದೊಳಗೆ ಹೂಜಿಯ ಹಾಗೆ ತೋಡಿದ ಗುಂಡಿ, ಬಾಯಿ ಸಣ್ಣದು ಹೊಟ್ಟೆ ದೊಡ್ಡದು, ರಾಗಿ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮೂವತ್ತು ವರ್ಷ ಹುಳು ಮುಟ್ಟುವುದಿಲ್ಲ ಎಂದೆ. ಅವನ ಮುಖ ಸಪ್ಪಗಾಯಿತು. "ಹಂಗಾದ್ರೆ ರೋಲರ್ ಒಳಗೆ ಹೋಗ್ಬಿಡುತ್ತೆ. ಬಾಯಿ ತೆಗೆದು ಆಳ ನೋಡಿ ಜಲ್ಲಿ ತುಂಬ್ಲೇಬೇಕು" ಎಂದ.

ಮಾರನೇ ದಿನ ಬೆಳಿಗ್ಗೆ ಜೆಸಿಬಿ ಬರುವಷ್ಟರಲ್ಲಿ ಅಮ್ಮ ಚಪ್ಪಡಿಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದಳು.

ನಾಲ್ಕು ದಿನ ಅಕ್ಕ! ಬೆಳಿಗ್ಗೆ ಆರರ ಸೈರನ್ನಿಗೆ ಬಂದು ಕೂತರೆ ಸಂಜೆ ಹೊಲದವರು ಮನೆಗೆ ಹೋಗುವಾಗ ಏಳುವುದು. ಊಟ ತಂದುಕೊಟ್ಟರೆ ಅಲ್ಲೇ ಉಣ್ಣುತ್ತಾಳೆ. "ತೆಗೀಬೇಡ್ರಪ್ಪ, ಯಾರೂ ಇಳೀಬೇಡ್ರಪ್ಪ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಲೆವಿಯ ವರ್ಷ ತಾತ ಮುಚ್ಚಿದ ಹಗೇವು ಅದು, ಆಮೇಲೆ ತೆಗೆದೇ ಇಲ್ಲ. ಒಳಗೆ ರಾಗಿ ಇರಬೇಕು, ಮುದುಕಿಗೆ ಅದರ ಆಸೆ ಎಂದು ಊರೆಲ್ಲ ನಗುತ್ತಿತ್ತು. ಪಕ್ಕದ ಮನೆ ಮುನಿಶಾಮಮ್ಮನಂತೂ, "ಏನ್ ಕದಿರಪ್ಪ, ನಿಮ್ಮಮ್ಮ ಕೋಳಿ ಹಂಗೆ ಕಾವಿಗೆ ಕೂತವ್ಳೆ, ಯಾವತ್ತು ಮರಿ ಆಗೋದು?" ಎಂದಳು. ನಾನೂ ನಕ್ಕೆ. ಒಳಗೊಳಗೆ ಉರಿಯುತ್ತಿತ್ತು. ಆ ರಸ್ತೆ ಆಗದಿದ್ದರೆ ನನ್ನ ಬಸ್ಸುಗಳು ಕೆರೆ ಏರಿ ಸುತ್ತಿಕೊಂಡು ಹೋಗಬೇಕು. ಹನ್ನೊಂದು ನಿಮಿಷ ಜಾಸ್ತಿ. ಐದು ನಿಮಿಷ ತಡವಾದರೆ ಗೇಟಿನವನು ಹೆಣ್ಣುಮಕ್ಕಳಿಗೆ ಅರ್ಧ ದಿನದ ಸಂಬಳ ಕಡಿಯುತ್ತಾನೆ, ಅವರು ಬೈಯುವುದು ನನ್ನನ್ನು.

ಐದನೇ ದಿನ, ಎಂಟನೇ ತಾರೀಕು ಭಾನುವಾರ, ನಾನೇ ಅವಳ ರಟ್ಟೆ ಹಿಡಿದು ಎಬ್ಬಿಸಿ ಪಕ್ಕದಲ್ಲಿ ಕೂರಿಸಿದೆ. ಚಪ್ಪಡಿ ಸರಿಸಿದರು. ಹಳೇ ಹುಳಿ ವಾಸನೆ ಗಪ್ಪೆಂದು ಬಂತು. ಮುರಳಿಮೋಹನ್ ಟೇಪು ಬಿಟ್ಟು ಹನ್ನೊಂದು ಅಡಿ ಎಂದು ಬರೆದುಕೊಂಡ. ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ನನ್ನದು ಮುಗಿದಿರಲಿಲ್ಲ. ತಳದಲ್ಲಿ ಉಳಿದ ಕರೀ ರಾಗಿ ಒಂದು ಹಿಡಿ ತಂದು ಅಮ್ಮನ ಕೈಗೆ ಹಾಕಿ, ಇಷ್ಟಕ್ಕಾ ನೀನು ಐದು ದಿನ ಮಾನ ಕಳೆದದ್ದು ಎಂದು ಕೇಳಬೇಕಾಗಿತ್ತು.

"ನಾನ್ ಇಳೀತೀನಿ ಬಿಡಿ ಮಾವ" ಎಂದ ಗೋಪಿ. ನಾನು ಬೇಡ ಎನ್ನಲಿಲ್ಲ.

"ಲೇ ಕದಿರ, ದೀಪ ಇಳ್ಸೋ ಮೊದ್ಲು" ಎಂದು ಅಮ್ಮ ಕೂಗಿದಳು.

ಗೋಪಿಯ ಫೋನಿನ ಟಾರ್ಚು ಹಾಕಿ, ದಾರಕ್ಕೆ ಕಟ್ಟಿ, ತಳದವರೆಗೆ ಬಿಟ್ಟೆ. ಹಗಲಿನ ಹಾಗೆ ಬೆಳಗಿತು. "ನೋಡಮ್ಮ, ನಿನ್ನ ದೀಪದ ಅಪ್ಪ ಇದು" ಎಂದೆ.

"ಅದು ದೀಪ ಅಲ್ಲ ಕಣೋ! ಎಣ್ಣೆ ದೀಪ ಇಳ್ಸೋ!"

ಎಲ್ಲರೂ ನಕ್ಕರು. ಗೋಪಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

ನಮ್ಮ ಹಿರಿಯರು ದೀಪ ಇಳಿಸುತ್ತಿದ್ದುದು ಒಳಗೇನಿದೆ ನೋಡಲು ಅಲ್ಲ ಅಕ್ಕ. ಒಳಗಿನ ಗಾಳಿ ಕೆಟ್ಟಿದ್ದರೆ ಎಣ್ಣೆ ದೀಪ ಆರಿಹೋಗುತ್ತದೆ, ಇಳಿಯಬೇಡ ಎಂದು ಅರ್ಥ. ಫೋನಿನ ಟಾರ್ಚು ಯಮಲೋಕದಲ್ಲೂ ಉರಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮಪ್ಪ ಬೇರೆ ಹಗೇವಿಗೆ ದೀಪ ಬಿಡುವುದನ್ನು ನಾನೂ ನೀನೂ ನೋಡಿಲ್ಲವೇ? ನಲವತ್ತು ವರ್ಷದಿಂದ ಗೇಟಿನ ಗಡಿಯಾರ ನೋಡಿ ನೋಡಿ ಅದು ತಲೆಯಿಂದ ಹೊರಟೇ ಹೋಗಿತ್ತು.

ಒಳಗೆ ಹೋದವನು ಕುಸಿದು ಬಿದ್ದ. ಎಳೆದೆವು. ಮೇಲೆ ಬಂದಾಗ ತುಟಿ ನೀಲಿ. ನಮ್ಮ ಬಸ್ಸಿನಲ್ಲೇ ಮಲಗಿಸಿಕೊಂಡು ಕೋಲಾರಕ್ಕೆ ಓಡಿದೆವು. ದಾರಿಯಲ್ಲೇ ಕೆಮ್ಮಿ ಕಣ್ಣು ಬಿಟ್ಟ. ಎರಡು ದಿನ ಆಕ್ಸಿಜನ್ ಇಟ್ಟರು, ಹಣೆಗೆ ಮೂರು ಹೊಲಿಗೆ. ಡಾಕ್ಟರಮ್ಮ ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ನೀನು ಹೇಗೂ ಹೊಸದಾಗಿ ಬೈಯುತ್ತೀಯ. ಈಗ ಮನೆಯಲ್ಲಿದ್ದಾನೆ. ಮಧ್ಯಾಹ್ನ ಎರಡು ಮುದ್ದೆ ಉಂಡ. "ಅಮ್ಮಂಗೆ ಹೇಳ್ಬೇಡಿ ಮಾವ, ಬಂದು ಕೂತ್ಕೊಂಡ್ಬಿಡ್ತಾಳೆ" ಎನ್ನುತ್ತಾನೆ. ಬಂದು ಕೂರು, ಅದಕ್ಕೇ ಬರೆದದ್ದು.

ಹಗೇವಿಗೆ ಜಲ್ಲಿ ತುಂಬಿದ್ದಾರೆ. ಅಮ್ಮ ಈಗ ಅಲ್ಲಿಗೆ ಹೋಗುವುದಿಲ್ಲ. ಗೋಪಿಯ ಮಂಚದ ಪಕ್ಕ ಚಾಪೆ ಹಾಕಿಕೊಂಡಿದ್ದಾಳೆ, ಅವನು ಮಗ್ಗಲು ಬದಲಿಸಿದರೂ ಎದ್ದು ನೋಡುತ್ತಾಳೆ.

ಭಾವನಿಗೆ ನಮಸ್ಕಾರ ತಿಳಿಸು, ವಿಷಯವನ್ನು ನಿಧಾನವಾಗಿ ಹೇಳು. ಮೊಮ್ಮಕ್ಕಳಿಗೆ ನನ್ನ ಹೆಸರಿನಲ್ಲಿ ತಲೆ ನೇವರಿಸು. ಮನೆದೇವರು ನಿಮ್ಮ ಹೊಸಲನ್ನು ತಂಪಾಗಿಡಲಿ.

ನಿನ್ನ ತಮ್ಮ,
ಕದಿರಪ್ಪ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ 'ಎಳೆದೆವು' ಎಂದು ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ಹಗ್ಗ ನನ್ನ ಕೈಯಲ್ಲಿತ್ತು. "ಎರಡು ಸಲ ಜಗ್ಗಿದ್ರೆ ಎಳೀರಿ" ಎಂದು ಗೋಪಿ ಹೇಳಿದ್ದ. ಅವನು ಕಣ್ಣಿಗೆ ಮರೆಯಾದ ಮೇಲೆ ಸದ್ದಿಲ್ಲ. ರಾಗಿ ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಮುರಳಿಮೋಹನನ ಹತ್ತಿರ ಮಾತಾಡುತ್ತಾ ನಿಂತೆ. "ಎಳ್ಯೋ" ಎಂದು ಅಮ್ಮ ಅಂದಳು. "ಇನ್ನೂ ಜಗ್ಗಿಲ್ಲ, ತಡಿ" ಎಂದೆ. ಅವಳು ಕೋಲು ಬಿಸಾಡಿ, ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು, ಎಂಬತ್ತೊಂಬತ್ತು ವರ್ಷದವಳು, ಒಬ್ಬಳೇ ಎಳೆಯತೊಡಗಿದಳು. ಆಮೇಲೆ ನಾವು ಕೈಹಾಕಿದ್ದು.

ನಿನ್ನೆ ಅವಳ ಸುಲಿದ ಅಂಗೈಗೆ ಎಣ್ಣೆ ಸವರುತ್ತಾ, "ನಿಂಗೆ ಹೆಂಗಮ್ಮ ಗೊತ್ತಾಯ್ತು?" ಎಂದು ಕೇಳಿದೆ. ಅವಳು ಒಬ್ಬಳೇ ಮಗಳು ಎಂದು ನಾವು ತಿಳಿದಿದ್ದೆವಲ್ಲ ಅಕ್ಕ. ಅವಳಿಗೊಬ್ಬ ಅಣ್ಣನಿದ್ದ. ರಾಮು ಅಂತ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನ ಮಾತು ಸೇರಿಸಲಾರೆ:

"ಲೆವಿಯೋರು ಚಾವಡೀಲಿ ಮಲಗಿದ್ರು. ಮನೇಲಿ ಹಿಟ್ಟಿರ್ಲಿಲ್ಲ. ಬೆಳಕು ಕಂಡ್ರೆ ಬಂದ್ಬಿಡ್ತಾರೆ ಅಂತ ಅಪ್ಪ ದೀಪ ಹಚ್ಚಲಿಲ್ಲ, ಕತ್ತಲಲ್ಲೇ ಅಣ್ಣನ್ನ ಆ ಹಗೇವಿಗೆ ಇಳಿಸ್ದ. ಅವನಿಗೆ ಒಂಬತ್ತು. ಜಗ್ಗಿದ್ರೆ ಬಂದು ಹೇಳು ಅಂತ ಹಗ್ಗದ ತುದಿ ನನ್ ಕೈಗೆ ಕೊಟ್ಟು, ಅಪ್ಪ ದಾರಿ ಕಾಯೋಕೆ ಹೋದ. ನಾನು ಅಲ್ಲಾಡ್ದೆ ಹಿಡ್ಕೊಂಡು ಕೂತಿದ್ದೆ ಕಣೋ. ಅವನು ಜಗ್ಗಲೇ ಇಲ್ಲ."