ಮಾವನಿಗಾಗಿ ಬಿಚ್ಚಿದ ಚಕ್ರಗಳು

ಹಾಲಿಸ್ ಕ್ರೀಕ್, ಪೂರ್ವ ಟೆಕ್ಸಾಸ್
ಬುಧವಾರ, ೧೪ ಅಕ್ಟೋಬರ್ ೧೯೮೭

ನನ್ನ ಮುದ್ದಿನ ಕರ್ಟಿಸ್,

ಹೇಗಿದ್ದೀಯ? ಕೈಗಳು ಹೇಗಿವೆ? ಹೋದ ಭಾನುವಾರ ಜೈಲಿನ ಭೇಟಿಯಲ್ಲಿ ಗಾಜಿನ ಆಚೆಯಿಂದ ಕಂಡ ನಿನ್ನ ಬೆರಳುಗಳೇ ಕಣ್ಣಿಗೆ ಕಟ್ಟಿವೆ. ಒಣಗಿದ ಹತ್ತಿಕಾಯಿಯ ಮೊನೆ ಅಷ್ಟು ಆಳಕ್ಕೆ ಸೀಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮುಲಾಮು ಕೊಡದಿದ್ದರೆ ಅಡುಗೆಮನೆಯವರ ಹತ್ತಿರ ಒಂದಿಷ್ಟು ಹಂದಿಕೊಬ್ಬು ಕೇಳಿ ಹಚ್ಚಿಕೋ, ನನ್ನ ಬಂಗಾರ. ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಮೊದಲ ವಾರ್ಷಿಕಕ್ಕೆ ತಿನ್ನೋಣವೆಂದು ಎತ್ತಿಟ್ಟ ನಮ್ಮ ಮದುವೆಯ ಕೇಕಿನ ಮೇಲ್ತುದಿ ಇನ್ನೂ ಫ್ರೀಜರಿನಲ್ಲೇ ಇದೆ. ಈಗ ಮನೆಗೆ ಬಂದವರೆಲ್ಲ ಹುರಿದ ಕೋಳಿ, ಪೀಕನ್ ಬೀಜದ ಪೈ ಎಂದು ತಂದು ತುಂಬುತ್ತಿದ್ದಾರೆ. ಆದರೂ ಆ ಕೇಕಿನ ಡಬ್ಬಿಯನ್ನು ಅತ್ತೆ ಯಾರಿಗೂ ಮುಟ್ಟಲು ಬಿಡುತ್ತಿಲ್ಲ.

ಮಾವ ತೀರಿಹೋದ ಸುದ್ದಿಯನ್ನು ಜೈಲಿನ ಪಾದ್ರಿಗಳು ಸೋಮವಾರವೇ ನಿನಗೆ ಹೇಳಿದರಂತೆ. ನೀನು ಹತ್ತಿ ಬಿಡಿಸುವ ಚೀಲ ಹೆಗಲಿಗೇರಿಸಿ ಮತ್ತೆ ಹೊಲಕ್ಕೆ ಇಳಿದೆಯಂತೆ. ಅದನ್ನು ಕೇಳಿದಾಗಿನಿಂದ ನಿನ್ನನ್ನು ಗಟ್ಟಿಯಾಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತಿದೆ. ಅವರಿಗೆ ನೋವಾಗಲಿಲ್ಲ, ಕರ್ಟಿಸ್. ಕೋಳಿಗೂಡಿನ ಬಾಗಿಲು ಸರಿಮಾಡುತ್ತಿದ್ದವರು ಹಾಗೇ ಕುಳಿತುಬಿಟ್ಟರು. ಶನಿವಾರದ ಮಣ್ಣಿಗೆ ನಿನ್ನನ್ನು ಬಿಡುವುದಿಲ್ಲ ಎಂದು ನಿನ್ನೆ ಜೈಲಿನ ಕಚೇರಿಯಿಂದ ಫೋನ್ ಬಂತು. ಅತ್ತೆ ಫೋನ್ ಇಟ್ಟವರೇ ಕುಳಿತು ಮತ್ತೆ ಬೀನ್ಸಿನ ನಾರು ತೆಗೆಯತೊಡಗಿದರು. ಆಮೇಲೆ ನೋಡಿದರೆ ನಾರನ್ನು ಪಾತ್ರೆಗೆ, ಕಾಯನ್ನು ಕಸಕ್ಕೆ ಹಾಕುತ್ತಿದ್ದರು. ನಾನು ಪಾತ್ರೆ ಬದಲಿಸಿದೆ.

ಈಗ ನಿನ್ನ ಟ್ರಕ್ಕಿನ ವಿಷಯ. ಕೋಪಿಸಿಕೊಳ್ಳದೆ ಪೂರ್ತಿ ಓದು. ತನ್ನನ್ನು ಹೆಣ ಸಾಗಿಸುವ ಆ ಉದ್ದನೆಯ ಕರಿ ಕಾರಿನಲ್ಲಿ ಒಯ್ಯಬಾರದು, ತನ್ನ ಐವತ್ತಮೂರರ ಶೆವ್ರೊಲೆ ಟ್ರಕ್ಕಿನಲ್ಲೇ ಒಯ್ಯಬೇಕು ಎಂದು ಮಾವ ಹೇಳುತ್ತಿದ್ದದ್ದು ನಿನಗೆ ಗೊತ್ತಲ್ಲ. ಅದಕ್ಕೆಂದೇ ಟ್ರಕ್ಕಿನ ಅಳತೆ ತೆಗೆದುಕೊಂಡು, ನಮ್ಮದೇ ಪೈನ್ ಮರದಲ್ಲಿ ಶವದ ಪೆಟ್ಟಿಗೆ ಮಾಡಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದರು. ಆದರೆ ಅವರು ಅಳತೆ ತೆಗೆದದ್ದು ಟ್ರಕ್ಕನ್ನು ನಿನಗೆ ಕೊಡುವ ಮೊದಲು. ಆಮೇಲೆ ನೀನು ಆ ಪೀಪಾಯಿಯಂಥ ಹಿಂಬದಿಯ ಚಕ್ರಗಳನ್ನು ಹಾಕಲೆಂದು ಸಾಮಾನು ಹೇರುವ ಬಾಡಿಯ ನೆಲವನ್ನು ಎರಡೂ ಕಡೆ ಕತ್ತರಿಸಿ ಚಕ್ರದ ಮೇಲೆ ತಗಡಿನ ಗೂಡು ಕೂರಿಸಿದೆ. ಅದು ಎಲ್ಲರ ಕಣ್ಣೆದುರಿಗೇ ಇತ್ತು, ಆದರೂ ಒಬ್ಬರಿಗೂ ಹೊಳೆಯಲಿಲ್ಲ. ನಿನ್ನೆ ಬೆಳಿಗ್ಗೆ ನಾಲ್ಕು ಜನ ಪೆಟ್ಟಿಗೆ ಹೊತ್ತು ತಂದು ತಳ್ಳಿದರೆ, ಅದು ಎರಡು ಗೂಡುಗಳ ಮಧ್ಯೆ ಸಿಕ್ಕಿ ನಿಂತುಬಿಟ್ಟಿತು. ಪುಣ್ಯಕ್ಕೆ ಖಾಲಿ ಪೆಟ್ಟಿಗೆ.

ಗೂಡುಗಳ ಮೇಲೆ ಹಲಗೆ ಹಾಸಿ ಇಡೋಣ ಎಂದರು ವರ್ಜಿಲ್ ಚಿಕ್ಕಪ್ಪ. ಅತ್ತೆ ಒಪ್ಪಲಿಲ್ಲ. "ನನ್ ಗಂಡ ಹೋಯ್ಟನ್ನ ಹುಲ್ಲಿನ ಹೊರೆ ಥರ ಮೇಲೆ ಕೂರ್ಸಿ ಊರೆಲ್ಲ ಮೆರವಣಿಗೆ ಮಾಡ್ತೀಯೇನೋ? ಹಿಂದುಗಡೆ ಅಷ್ಟೆತ್ತರ ಎದ್ದಿದೆ, ಮೊದಲ್ನೇ ಇಳಿಜಾರಲ್ಲೇ ಗಾಜು ಒಡ್ಕೊಂಡು ಎಂಜಿನ್ ಮೇಲೆ ಬರ್ತಾನೆ," ಎಂದರು. ಚಿಕ್ಕಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡು, "ಹೋಯ್ಟ್ ಅಣ್ಣ ಡ್ರೈವರ್ ಸೀಟಿಗೆ ಬರೋಕೆ ಯಾವತ್ತೂ ರೆಡಿ ಬಿಡಿ ಅತ್ತಿಗೆ," ಎಂದರು. ನಮಗೆಲ್ಲ ನಗು ಬಂತು. ಅತ್ತೆಗೂ ಬಂತು, ಆದರೆ ಆ ನಗು ಕೊನೆಯಲ್ಲಿ ಬೇರೆಯೇ ಆಯಿತು.

ಚಕ್ರ ಬಿಚ್ಚುವುದು ಸುಲಭ ಅಂದುಕೊಂಡಿದ್ದೆವು. ಆದರೆ ಒಂದೊಂದು ಚಕ್ರಕ್ಕೂ ನೀನು ಕಳ್ಳರ ಕಾಟಕ್ಕೆಂದು ಬೀಗದ ನಟ್ಟು ಹಾಕಿದ್ದೀಯಲ್ಲ, ಅದರ ಕೀಲಿ ನಿನ್ನ ಕೀಗೊಂಚಲಿನಲ್ಲಿ, ಆ ಗೊಂಚಲು ಜೈಲಿನವರು ಕಟ್ಟಿಟ್ಟ ನಿನ್ನ ಬಟ್ಟೆಗಳ ಗಂಟಿನಲ್ಲಿ. ಕೊನೆಗೆ ಚಿಕ್ಕಪ್ಪ ಹಳೆಯ ಸಾಕೆಟ್ ಒಂದನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿದರು. "ಹುಡುಗಿ, ನಿನ್ ಗಂಡನ್ ಚಕ್ರ ನಾವೇ ಕದೀತಾ ಇದೀವಿ. ಅವ್ನ್ ಪಕ್ಕದ ಕೋಣೇಲಿ ನಂಗೊಂದು ಮಂಚ ಹಾಕ್ಸು," ಎಂದರು. ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಇಬ್ಬರೂ ನೇತುಬಿದ್ದೆವು. ನಟ್ಟು ಕಿರುಗುಟ್ಟಿ ಸಡಿಲವಾದಾಗ ನಾನು ಕೆಸರಿಗೆ ಬಿದ್ದೆ. ನೀನಿದ್ದಿದ್ದರೆ ಎಷ್ಟು ನಗುತ್ತಿದ್ದೆ. ಚಕ್ರ ಕಳಚಿಕೊಂಡು ಬಂದಾಗ ಮಾತ್ರ ಅದನ್ನು ಹಿಡಿದುಕೊಂಡೇ ನಿಂತೆ. ನೀನು ನನ್ನನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದದ್ದು ಇವೇ ಚಕ್ರಗಳ ಮೇಲೆ. ರಸ್ತೆಯಲ್ಲಿ ನಿನ್ನೊಡನೆ ಪಂದ್ಯಕ್ಕಿಳಿದ ಡೀವಿಯ ಗಾಡಿ ಹಳ್ಳಕ್ಕೆ ಉರುಳಿ ಅವನ ಕಾಲು ಹೋದದ್ದೂ, ಅದಕ್ಕಾಗಿ ನೀನು ಜೈಲಿಗೆ ಹೋದದ್ದೂ ಇವುಗಳಿಂದಲೇ. ಮುದ್ದಾಡಲೇ ಒದೆಯಲೇ ತಿಳಿಯದೆ ಉರುಳಿಸಿಕೊಂಡು ಹೋಗಿ ಕೊಟ್ಟಿಗೆಯ ಗೋಡೆಗೆ ಒರಗಿಸಿದೆ.

ಆಮೇಲೆ ಚಿಕ್ಕಪ್ಪ ಗೂಡುಗಳನ್ನು ಕತ್ತರಿಸಿ ತೆಗೆದು ನೆಲಕ್ಕೆ ಹೊಸ ಹಲಗೆ ಜಡಿದರು. ಹುಲ್ಲಿನ ಟ್ರೇಲರಿನ ಚಕ್ರಗಳನ್ನೇ ತಂದು ಹಾಕಿದೆವು. ನೀನು ಹಿಂದಿನ ಚಕ್ರಗಳ ಅಚ್ಚನ್ನೂ ಗಿಡ್ಡ ಮಾಡಿಸಿದ್ದರಿಂದ ಅವು ಬಾಡಿಯ ಅಡಿಗೆ ಎಲ್ಲೋ ಒಳಗೆ ಸೇರಿಕೊಂಡಿವೆ, ದಪ್ಪ ಹೆಂಗಸು ಮಗಳ ಚಪ್ಪಲಿ ಮೆಟ್ಟಿದ ಹಾಗೆ. ಆದರೆ ಟ್ರಕ್ಕು ಮಟ್ಟಸವಾಗಿ ನಿಂತಿದೆ. ಪೆಟ್ಟಿಗೆ ಸಲೀಸಾಗಿ ಒಳಗೆ ಹೋಯಿತು. ಅತ್ತೆ ಹಲಗೆಯ ಮೇಲೆ ಅಂಗೈ ಸವರಿ, "ಸಿಬಿರು ಇಲ್ಲ," ಎಂದಷ್ಟೇ ಹೇಳಿದರು.

ಟ್ರಕ್ಕನ್ನು ಮಗ ಓಡಿಸಬೇಕಿತ್ತು. ಮನೆಯಲ್ಲಿದ್ದ ಟ್ರಕ್ಕಿನ ಎರಡನೇ ಕೀಲಿಗೆ ಚಿಕ್ಕಪ್ಪ ಕೈ ಚಾಚಿದರೆ ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. "ಅವ್ನಿಲ್ಲ ಅಂದ್ರೆ ಅವ್ನ್ ಹೆಂಡ್ತಿ ಓಡಿಸ್ತಾಳೆ. ನೀನು ಹಿಂದೆ ಬಾ," ಎಂದರು. ಈ ಮನೆಗೆ ಬಂದು ಎಷ್ಟು ದಿನವಾಯಿತೆಂದು, ಕರ್ಟಿಸ್, ನನ್ನ ಕೈಗೆ ಅಂಥ ಕೆಲಸ. ಗಾಡಿ ಜಗ್ಗದ ಹಾಗೆ ಕ್ಲಚ್ ಬಿಡುವುದನ್ನು ಇಡೀ ಮಧ್ಯಾಹ್ನ ಹುಲ್ಲುಗಾವಲಿನಲ್ಲಿ ಕಲಿತೆ. ಹಸುಗಳೆಲ್ಲ ಸಾಲಾಗಿ ನಿಂತು ನೋಡಿದವು.

ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಚಿಕ್ಕಪ್ಪ ನೆನೆಸಿಕೊಂಡಿದ್ದಾರೆ. ದೇವರು ನಿನ್ನ ಕೈಗಳನ್ನು ಕಾಯಲಿ. ನನ್ನ ಮುತ್ತುಗಳನ್ನು ಒಂದೇ ಸಲಕ್ಕೆ ಖರ್ಚು ಮಾಡದೆ ಭಾನುವಾರದವರೆಗೆ ಸ್ವಲ್ಪ ಸ್ವಲ್ಪವೇ ಬಳಸು.

ನಿನ್ನ, ಪೂರ್ತಿಯಾಗಿ ನಿನ್ನ,
ನೆಲ್ಡಾ

ಮರೆತಿದ್ದೆ: ಜೈಲಿನ ಪಾದ್ರಿಗಳು ಕಾರು ಶುರುಮಾಡಿಕೊಂಡು ಕಾಯುತ್ತಿದ್ದಾರೆ, ಈ ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಶನಿವಾರ ನಾವು ಸ್ಮಶಾನಕ್ಕೆ ನೇರ ದಾರಿಯಲ್ಲಿ ಹೋಗುವುದಿಲ್ಲ. ಜೈಲಿನ ಹತ್ತಿಹೊಲದ ಪಕ್ಕದ ರಸ್ತೆ ಹಿಡಿದು ಸುತ್ತಿಕೊಂಡು ಹೋಗುತ್ತೇವೆ. ನೀನು ಒಳಗೆ ಹೋದ ಮೇಲೆ ಮಾವ ಒಂದು ಸಲವೂ ನಿನ್ನನ್ನು ನೋಡಲು ಬರಲಿಲ್ಲವಲ್ಲ. ಅತ್ತೆ ಹೇಳಿದ್ದು ಇಷ್ಟೇ: "ಬದುಕಿದ್ದಾಗ ಹಠ ಹಿಡ್ದು ಹೋಗ್ಲಿಲ್ಲ. ಈಗ ನಾನ್ ಹೇಳಿದ್ ಕಡೆ ಹೋಗ್ತಾನೆ." ಹತ್ತು ಗಂಟೆಯ ಸುಮಾರಿಗೆ ಬೇಲಿಯ ಕಡೆಯ ಸಾಲಿನಲ್ಲಿರು. ಹಿಂಬದಿ ಎದ್ದ ಟ್ರಕ್ಕಿಗಾಗಿ ನೋಡಬೇಡ, ಅದು ಈಗ ತಗ್ಗಾಗಿದೆ. ಹಗಲಲ್ಲೂ ದೀಪ ಹಚ್ಚಿಕೊಂಡು ಎಲ್ಲಕ್ಕೂ ಮುಂದೆ ನಿಧಾನವಾಗಿ ಬರುವುದು ನಾನೇ. ಟೋಪಿ ತೆಗೆದು ನಿಂತರೆ ಸಾಕು. ಇದನ್ನು ಮೊದಲು ಓದುವ ಅಧಿಕಾರಿಗಳೇ, ಅವನು ಓಡಿಹೋಗುವುದಿಲ್ಲ, ದಯವಿಟ್ಟು ಅವನನ್ನು ಬೇರೆ ಹೊಲಕ್ಕೆ ಹಾಕಬೇಡಿ. ಕರ್ಟಿಸ್, ಇದು ನಿನ್ನ ಕೈ ಸೇರುವುದು ಶನಿವಾರ ಕಳೆದ ಮೇಲಾದರೆ, ನಾವು ಬಂದಿದ್ದೆವು ಎಂದು ತಿಳಿದುಕೋ. ಅಪ್ಪನೂ ಬಂದಿದ್ದರು.