ಕೋಳಿಗೂಡಿನ ಕಿಟಕಿಯೊಳಗಿಂದ ಒಂದು ಮನವಿ

ಡೆನ್ಮಾರ್ಕಿನ ಸಮಸ್ತ ಕೋಳಿಗಳ ಅಧೀಶ್ವರಿಯೂ ಹಿತ್ತಲಿನ ಆಲೂಗಡ್ಡೆ ಪಾತಿಗಳ ಏಕಚಕ್ರಾಧಿಪತಿಯೂ ಆದ ರಾಗ್ನ್‌ಹಿಲ್ಡ್ ಅಜ್ಜಿಯವರ ಸನ್ನಿಧಾನಕ್ಕೆ,

ಈ ಪತ್ರ ಹೊತ್ತು ತಂದ ಕೋಳಿಯ ಕಾಲಿನ ದಾರವನ್ನು ಮೆಲ್ಲಗೆ ಬಿಚ್ಚಬೇಕು. ತಾವೂ ನಾನೂ ಸೇರಿ ಕಟ್ಟಿದ ಹೊಸ ಗೂಡಿನೊಳಗೆ ನಾನು ಸಿಕ್ಕಿಕೊಂಡಿದ್ದೇನೆ. ಕೋಳಿ ನುಸುಳುವ ಕಿಂಡಿಯಲ್ಲಿ ನನ್ನ ತಲೆ ಮಾತ್ರ ಹಿಡಿಯುತ್ತದೆ. ಕಿಟಕಿಗೆ ಜಾಲರಿ ಹೊಡೆದವನು ನಾನೇ. ದೊಡ್ಡ ಕಿಟಕಿ ಇಡೋಣವೆಂದರೆ ತಾವು ಕೇಳಲಿಲ್ಲ. "ಕೋಳಿ ಚಳಿಗೆ ಸಾಯಲ್ಲ ಕಣೋ, ತೇವಕ್ಕೆ ಸಾಯುತ್ತೆ. ಗಾಳಿಕಿಂಡಿ ಸೂರಿನಡಿ ಬಿಡು, ಕಿಟಕಿ ಚಿಕ್ಕದಿರ್ಲಿ, ನರಿ ನುಗ್ಗಬಾರದು" ಎಂದಿರಿ.

ಗಾಳಿಕಿಂಡಿಯಂತೂ ಅಮೋಘ. ಚರ್ಚಿನಲ್ಲಿ ನನ್ನ ದೃಢೀಕರಣ ದೀಕ್ಷೆ ಮುಗಿದ ಮೇಲಿನ ಔತಣವೆಲ್ಲ ಅದರಿಂದ ಕೇಳಿಸುತ್ತಿದೆ. "ಎಲ್ಲಿಗೋದ ಆ ಕಳ್ಳ? ಹಾಡಿನ ಹಾಳೆ ಎಲ್ರಿಗೂ ಹಂಚಿಯಾಯ್ತು" ಎನ್ನುತ್ತಿದ್ದಾರೆ ಟೋವೆ ಅತ್ತೆ. ಪದ್ಧತಿಯಂತೆ ಅವರು ನನ್ನ ಮೇಲೆ ಹದಿನಾಲ್ಕು ಚರಣದ ಹಾಡು ಕಟ್ಟಿದ್ದಾರೆ. ಏಳನೆಯದು ನಾನು ಹಾಸಿಗೆ ಒದ್ದೆ ಮಾಡುತ್ತಿದ್ದ ಚರಿತ್ರೆ. ಅದನ್ನು ಅರವತ್ತು ಜನ ಹಾಡುತ್ತಾರೆ, ನಾನು ಎದ್ದು ನಿಂತು ವಂದನೆ ಹೇಳಬೇಕು. ಆ ಅರವತ್ತರಲ್ಲಿ ನನ್ನ ತರಗತಿಯ ಸಿಗ್ನೆಯೂ ಇದ್ದಾಳೆ.

ತಾವೇ ಅತ್ತೆಗೆ ಹೇಳಿ ಏಳನೆಯ ಚರಣವನ್ನು ಕೈಬಿಡಿಸಬೇಕು. ಸಾಧ್ಯವಾದರೆ ಔತಣದ ಗರಿಗರಿ ಹುರಿದ ಹಂದಿಮಾಂಸ ಎರಡು ತುಂಡು ಕಳಿಸಬೇಕು.

ತಮ್ಮ ಸೆರೆಯಾಳು ಮೊಮ್ಮಗ,
ಆಸ್ಗೆರ್

ತಾ.ಕ.: ಬಾಗಿಲಿನ ಚಿಲಕ ಒಳಗಡೆ ಇದೆ. ಹಾಕಿಕೊಂಡವನು ನಾನೇ.