ಗದಗ ತಾಲೂಕಿನ ಸಂಡಿಗೆ ಮತ್ತು ದೇಶದ ಕೊನೆಯ ಕುಲುಮೆ

ಗದಗ, ಫೆಬ್ರವರಿ 30, 2171

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ದಿನಾಂಕ ತಪ್ಪಾಗಿಲ್ಲ. ಬಿಸಿಲಿನ ದಿನಗಳು ಹೆಚ್ಚಲಿ ಎಂದು ನಮ್ಮವರು ಜುಲೈನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರು. ಬಿಸಿಲು ಹೆಚ್ಚಲಿಲ್ಲ, ಕ್ಯಾಲೆಂಡರ್ ಮಾತ್ರ ಬದಲಾಯಿತು. ಪತ್ರದ ಕೆಲವು ಪದಗಳು ನಿಮಗೆ ಹೊಸವು ಎನಿಸಿದರೆ ಕ್ಷಮಿಸಿ.

ನಾನು ಮಹಾರುದ್ರಪ್ಪ ಹೊಂಬಳ, ಈ ತಾಲೂಕಿನ ಬಿಸಿಲ್ದಾರ. ನಿಮ್ಮ ತಹಸೀಲ್ದಾರರು ಜಮೀನಿನ ಲೆಕ್ಕ ನೋಡುತ್ತಿದ್ದಂತೆ ನಾನು ಬಿಸಿಲಿನ ಲೆಕ್ಕ ನೋಡುತ್ತೇನೆ. ಹಗಲು ಹನ್ನೊಂದರಿಂದ ಮೂರರವರೆಗೆ ನಮ್ಮಲ್ಲಿ ತುಂಬುಹೊತ್ತು. ಕರೆಂಟು ಧಾರಾಳವಾಗಿರುವ ಆ ನಾಲ್ಕು ತಾಸಿನಲ್ಲೇ ಗಿರಣಿ ಓಡುತ್ತದೆ, ಬಸ್ಸುಗಳು ಚಾರ್ಜ್ ಆಗುತ್ತವೆ, ಮದುವೆಯ ಮುಹೂರ್ತಗಳೂ ಅಲ್ಲಿಗೇ ಬಂದು ನಿಂತಿವೆ. ಮೋಡ ಕವಿದರೆ ಸರ್ಕಾರಿ ರಜೆ. ‘ಕರೆಂಟ್ ಇರಲಿಲ್ಲ’ ಎಂಬ ನೆಪ ಮಾತ್ರ ನಮಗೆ ಉಳಿದಿಲ್ಲ. ಕಚೇರಿ ಕೆಲಸದಲ್ಲಿ ಇದು ದೊಡ್ಡ ತೊಂದರೆ.

ದೇಶದಲ್ಲಿ ಈಗ ಕರೆಂಟಿಗಾಗಿ ಉರಿಸುವ ಕಲ್ಲಿದ್ದಲು ಕುಲುಮೆ ಉಳಿದಿರುವುದು ಒಂದೇ. ಎಲ್ಲಾದರೂ ಕರೆಂಟು ಕೊರತೆ ಬಿದ್ದರೆ ಮಾತ್ರ ಅದನ್ನು ಹೊತ್ತಿಸುತ್ತಾರೆ. ಅದನ್ನು ಹೊತ್ತಿಸದೆ ಸತತ ಮೂವತ್ತು ದಿನ ಕಳೆದರೆ ಶಾಶ್ವತವಾಗಿ ಮುಚ್ಚಬೇಕೆಂದು ನಿಯಮ. ಕಳೆದ ಎರಡು ವರ್ಷವೂ ಬೇಸಿಗೆಯಲ್ಲಿ ಆ ಎಣಿಕೆ ಇಪ್ಪತ್ತು ದಾಟಿ ಮುರಿಯಿತು. ಎರಡೂ ಸಲ ಕೊರತೆ ಬಿದ್ದದ್ದು ಗದಗ ತಾಲೂಕಿನಲ್ಲಿ, ಅದೂ ತುಂಬುಹೊತ್ತಿನಲ್ಲಿ. ಈ ಸಲವೂ ಮುರಿದರೆ ನನಗೆ ವರ್ಗಾವಣೆ, ಅದೂ ಆ ಕುಲುಮೆಯ ಊರಿಗೇ ಎಂದು ಮೇಲಿನಿಂದ ಪತ್ರ ಬಂತು.

ಕಾರಣ ಹುಡುಕಲು ಊರಿನ ಒಂದು ಮನೆಯ ಮಾಳಿಗೆ ಹತ್ತಿದೆ. ನೀವು ಪ್ಯಾನೆಲ್ ಎನ್ನುವ ಬಿಸಿಲು ಹಲಗೆಗಳು ಕಾಣಲೇ ಇಲ್ಲ. ಅವುಗಳ ಮೇಲೆ ಪಂಚೆ, ಪಂಚೆಯ ಮೇಲೆ ಸಂಡಿಗೆ. ಇಡೀ ಓಣಿ ಹಾಗೇ. ಮಾಳಿಗೆಯ ಒಡತಿ ನೀಲಗಂಗವ್ವ ಹಿಟ್ಟಿನ ಪಾತ್ರೆ ಹಿಡಿದು ಕೂತಿದ್ದಳು.

“ಸಾಹೇಬ್ರ, ಕರೆಂಟ ನಾಳೆನೂ ಬರ್ತೈತಿ. ಹಿಟ್ಟು ನಾಳಿಗೆ ಹುಳಿ ಬರ್ತೈತಿ. ಯಾವುದು ಅವಸರದ್ದು, ನೀವ ಹೇಳ್ರಿ.”

“ಇದು ದೇಶದ ಪ್ರಶ್ನೆ, ಅವ್ವಾರ,” ಎಂದೆ.

“ದೇಶ ಊಟಕ್ಕ ಕುಂತಾಗ ಎಲಿ ಮ್ಯಾಲೆ ಸಂಡಿಗಿ ಇಲ್ಲಂದ್ರ ಯಾರನ್ನ ಕೇಳ್ತೈತಿ?”

ನಾನು ಇಲಾಖೆಗೆ ವರದಿ ಬರೆದೆ. ಇಲಾಖೆ ಓಣಿಗೊಂದು ಸಂಡಿಗೆ ಒಣಗಿಸುವ ಯಂತ್ರ ಕಳಿಸಿತು. ಹಲಗೆಗಳು ತೆರೆದುಕೊಂಡವು, ಆದರೆ ಕೊರತೆ ಇಮ್ಮಡಿಯಾಯಿತು. ಪಂಚೆ ಮುಚ್ಚಿ ಕಳೆಯುತ್ತಿದ್ದುದಕ್ಕಿಂತ ಹೆಚ್ಚು ಕರೆಂಟನ್ನು ಯಂತ್ರಗಳು ತಿನ್ನುತ್ತಿದ್ದವು. ಸಾಲದ್ದಕ್ಕೆ ನೀಲಗಂಗವ್ವ ಒಂದು ಡಬ್ಬಿ ಸಂಡಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

“ಎಣ್ಣ್ಯಾಗ ಬಿಟ್ರ ಅರಳವಲ್ವು. ನಿಮ್ಮ ಮಷೀನಿಗೆ ನೀವ ತಿನ್ನಸ್ರಿ.” ಹೊರಟವಳು ಬಾಗಿಲಲ್ಲಿ ತಲೆ ಎತ್ತಿ ನೋಡಿದಳು. “ಊರಿಗೆಲ್ಲ ಹಲಗಿ ಹಾಕ್ಸೀರಿ. ನಿಮ್ಮ ಆಫೀಸಿನ ಮಾಳಿಗಿ ಯಾಕ ಬೋಳ ಐತಿ?”

ಇದು ನಿಜ. ತಾಲೂಕಿನಲ್ಲಿ ಹಲಗೆ ಇಲ್ಲದ ಒಂದೇ ಮಾಳಿಗೆ ಬಿಸಿಲ್ದಾರರ ಕಚೇರಿಯದು. ಮಂಜೂರಾತಿಯ ಕಡತ ಹನ್ನೊಂದು ವರ್ಷದಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಆ ಮಾಳಿಗೆಯನ್ನು ಅಳೆಸಿ ನೋಡಿದೆ. ಊರಿನ ಸಂಡಿಗೆ ಪಾಳಿಯ ಮೇಲೆ ಅಲ್ಲಿ ಸರಿಯಾಗಿ ಹಿಡಿಯುತ್ತಿತ್ತು.

ಯಂತ್ರಗಳನ್ನು ಬಂದ್ ಮಾಡಿಸಿದೆ. ಮರುದಿನದಿಂದ ಹೆಂಗಸರು ಸಂಡಿಗೆ ಹಿಟ್ಟು ಹೊತ್ತು ನಮ್ಮ ಕಚೇರಿಯ ಮೆಟ್ಟಿಲು ಹತ್ತತೊಡಗಿದರು. ಕೊರತೆ ನಿಂತಿತು. ಇಂದಿಗೆ ಇಪ್ಪತ್ತೊಂಬತ್ತನೇ ದಿನ. ಕುಲುಮೆ ತಣ್ಣಗಿದೆ.

ಇಂದು ಬೆಳಿಗ್ಗೆ ಆ ಕಡತ ಮಂಜೂರಾಗಿ ಬಂತು! ನಾಳೆ ಹನ್ನೊಂದಕ್ಕೆ ಕೆಲಸದವರು ಹಲಗೆ ಜೋಡಿಸಬೇಕಂತೆ. ಸಂಡಿಗೆ ವಾಪಸು ಓಣಿಗೆ ಹೋದರೆ ಎಣಿಕೆ ಮತ್ತೆ ಒಂದರಿಂದ ಶುರು.

ಹಿರಿಯರೇ, ನೀವು ಈಗಷ್ಟೇ ಮಾಳಿಗೆಗಳಿಗೆ ಹಲಗೆ ಹಾಕಲು ಶುರು ಮಾಡಿದ್ದೀರಿ. ಅಗತ್ಯವಾಗಿ ಹಾಕಿ, ತಡ ಮಾಡಬೇಡಿ. ಆದರೆ ನಕ್ಷೆ ಬರೆಯುವಾಗ ಪ್ರತಿ ಮನೆಗೆ ಹತ್ತಡಿ ಜಾಗ ಬಿಡಿ. ಯಾಕೆ ಎಂದು ಎಂಜಿನಿಯರ್ ಕೇಳಿದರೆ, ಮಧ್ಯಾಹ್ನ ಊಟಕ್ಕೆ ಕರೆದು ತೋರಿಸಿ.

ನನ್ನ ಚಿಂತೆ ಬೇಡ. ಮಧ್ಯಾಹ್ನ ಮಾಳಿಗೆಯಲ್ಲಿ ಸುಳಿಗಾಳಿ ಎದ್ದು ನೀಲಗಂಗವ್ವನ ಪಂಚೆಯ ಮೂಲೆ ಹಾರುತ್ತಿತ್ತು. ಹನ್ನೊಂದು ವರ್ಷದ ಕಡತ, ಒಳ್ಳೆ ಭಾರವಿದೆ. ಆದೇಶದ ಸಮೇತ ಅದನ್ನೇ ಆ ಮೂಲೆಯ ಮೇಲೆ ಇಟ್ಟು ಬಂದಿದ್ದೇನೆ. ನಾಳೆ ಕೆಲಸದವರು ಆದೇಶ ಎಲ್ಲಿ ಎಂದರೆ, ಮೇಲಿದೆ ಎನ್ನುತ್ತೇನೆ. ಸಂಡಿಗೆ ಒಣಗುವತನಕ ತೆಗೆಯಲು ಬರುವುದಿಲ್ಲ.

ಇಂತಿ ನಿಮ್ಮ ಮರಿಮಕ್ಕಳ ಮೊಮ್ಮಗ,
ಮ. ಹೊಂಬಳ